ಊರಾಚೆಯ ಒಂದು ಒಲೆ

ಅವಳ ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿ ಎರಡಾಗಿತ್ತು. ನೆನೆಸಿದ ಅವರೆಕಾಳನ್ನು ಹಿದುಕಿ ಹಿದುಕಿ ಆದ ಸೀಳು. ಹದಿನೇಳು ಜನರ ಮನೆಗೆ ಒಂದು ಹೊತ್ತಿನ ಸಾರಿಗೆ ಬೇಕಾಗುವಷ್ಟು ಬೇಳೆ ಹಿದುಕಬೇಕೆಂದರೆ ಮಧ್ಯಾಹ್ನವೆಲ್ಲ ಕೂರಬೇಕು. ಚಳಿಗಾಲ ಮುಗಿಯುವವರೆಗೆ ಆ ಕೈಯಿಂದ ಸೊಗಡು ಹೋಗುತ್ತಿರಲಿಲ್ಲ. ಬಲಗೈಯೋ ಎಡಗೈಯೋ ಎಂದು ಈಗ ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ. ಬಲಗೈ ಎಂದು ಬರೆದಾಗಿದೆ, ಇರಲಿ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಕುಂದಾಣದ ಕಡೆಯ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ಅವಳು ಅಲ್ಲಿ ಇಪ್ಪತ್ತು ವರ್ಷ ಕಳೆದಿದ್ದಳು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಆ ಮನೆಯಲ್ಲಿ ಒಂದೂ ಇರಲಿಲ್ಲ. ಅವಳನ್ನು ಯಾರೂ ದುಃಖದ ಹೆಂಗಸು ಎಂದು ತಿಳಿಯಬಾರದು. ಗಂಡ ಕೈ ಎತ್ತಿದವನಲ್ಲ, ಮಗ ಬೆಳೆದಿದ್ದ, ಉಣ್ಣಲು ಕೊರತೆಯಿರಲಿಲ್ಲ. ನಗಿಸುತ್ತಲೂ ಇದ್ದಳು. ಒಮ್ಮೆ ನಡುಮನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವಂತೆ ಮಲಗಿದ್ದಾಗ ನನ್ನ ಕಿವಿಯಲ್ಲಿ, "ಸತ್ಮೇಲೆ ಗುಂಡಿನಾದ್ರೂ ನಂಗೊಬ್ಳಿಗೇ ತೋಡ್ತಾರೇನೇ, ಇಲ್ಲಾ ಅದರಲ್ಲೂ ನಿನ್ನ ಪಕ್ಕಕ್ಕೇ ಮಲಗಿಸ್ತಾರಾ?" ಎಂದಳು. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಅದು ಬರೀ ತಮಾಷೆ ಎಂದುಕೊಂಡಿದ್ದೆ.

ಯುದ್ಧ ಮುಗಿಯುವ ಹೊತ್ತಿಗೋ ಮುಗಿದ ಮೇಲೋ, ಒಂದು ಮಾಗಿಯಲ್ಲಿ ಊರೊಳಗೆ ಇಲಿ ಬಿದ್ದವು. ಪ್ಲೇಗು ಬಂತೆಂದರೆ ಊರು ಬಿಡುವುದು ರೂಢಿ. ಎರಡೇ ದಿನದಲ್ಲಿ ಎಲ್ಲರೂ ತಂತಮ್ಮ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮವು ಮೂರು. ಎರಡರಲ್ಲಿ ಜನ ತುಂಬಿಕೊಂಡರು. ಹುಣಸೆಮರದಾಚೆಯ ಮೂರನೆಯದರಲ್ಲಿ ಕಣದಿಂದ ನೇರವಾಗಿ ತಂದ ರಾಗಿ ಚೀಲಗಳಿದ್ದವು. ಗಂಡಸರು ದನಗಳ ಬಳಿ, ನನಗೆ ಕೈಕೂಸು. ಚೀಲ ಕಾಯಲು ಅಕ್ಕನನ್ನು ಬಿಟ್ಟರು. ಅಲ್ಲೇ ಮೂರು ಕಲ್ಲಿಟ್ಟು ಅವಳು ತನ್ನ ಒಲೆ ಹೂಡಿದಳು.

ಪಾಪ, ಒಬ್ಬಳೇ ಇದ್ದಾಳೆ ಎಂದು ನಾನು ದಿನವೂ ಹೋಗುತ್ತಿದ್ದೆ. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಬೇರೆ ಮಾಡಿಲ್ಲ, ಆದರೆ ನಮ್ಮ ಕಡೆ ಅದನ್ನು ತಪ್ಪು ಎಂದು ಯಾರೂ ಒಪ್ಪುವುದಿಲ್ಲ. ಅವಳು ಬಾಗಿಲಲ್ಲಿ ಕೂತು ಒಂದು ಹಿಡಿ ಅವರೆಕಾಳನ್ನು ನಿಧಾನವಾಗಿ, ತನ್ನೊಬ್ಬಳಿಗಾಗಿ ಹಿದುಕುತ್ತಿದ್ದಳು. ನಾನು ಹತ್ತಿರ ಬಂದಂತೆ ಕೈ ಬೇಗಬೇಗ ಆಡತೊಡಗುತ್ತಿತ್ತು. ಅದನ್ನು ನೋಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಅತ್ತೆಯ ಬೈಗಳು, ಮಗುವಿನ ಭೇದಿ, ಯಾರ ಮನೆಯಲ್ಲಿ ಯಾರು ಸತ್ತರು, ಎಲ್ಲ ಅವಳ ಮುಂದೆ ಸುರಿದು ಹಗುರಾಗಿ ಬರುತ್ತಿದ್ದೆ. ಒಂದು ದಿನ ಅವಳು ತಲೆ ಎತ್ತದೆಯೇ ಹೇಳಿದಳು:

"ನೀನು ಒಳ್ಳೇಳೇ ಕಣವ್ವ. ಆದ್ರೆ ನೀನು ಹೋದ್ಮೇಲೆ ನಾನು ಮತ್ತೆ ಮೊದಲಿಂದ ಕೂರ್ಬೇಕು. ನಾಳೆ ಬರಬೇಡ."

ಮಾತು ಹೀಗೇ ಇತ್ತೋ, ನೆನೆದು ನೆನೆದು ನಾನೇ ನುಣುಪು ಮಾಡಿದೆನೋ. ಆದರೆ ಮುಖಕ್ಕೆ ನೀರು ಎರಚಿದಂತಾದದ್ದು ನಿಜ. ಆಮೇಲೆ ನಾನು ಹೋಗಲಿಲ್ಲ.

ಮೂರು ತಿಂಗಳ ಮೇಲೆ ಊರಿಗೆ ಹಿಂತಿರುಗುವ ದಿನ ಗೊತ್ತಾಯಿತು. ಅಂದು ಹೊಲದ ಒಲೆಗಳನ್ನೆಲ್ಲ ಒಟ್ಟಿಗೆ ಆರಿಸಿ, ಮಾರಮ್ಮನಿಗೆ ತಂಬಿಟ್ಟು ಒಪ್ಪಿಸಿ ಊರೊಳಗೆ ಹೋಗಬೇಕು. ಊರಾಚೆ ಒಂದು ಒಲೆ ಉರಿಯುತ್ತಿದ್ದರೂ ಮಾರಿ ಇನ್ನೂ ಹೋಗಿಲ್ಲ ಎಂದೇ ನಂಬಿಕೆ. ಎಲ್ಲರೂ ಗಾಡಿಗೆ ಸಾಮಾನು ಹೇರುವಾಗ ಅಕ್ಕ, ತಾನು ಬರುವುದಿಲ್ಲ, ಇಲ್ಲೇ ಇರುತ್ತೇನೆ, ಹಗಲು ಬಂದು ಮನೆಗೆಲಸವೆಲ್ಲ ಮಾಡಿಕೊಟ್ಟು ಹೋಗುತ್ತೇನೆ ಎಂದಳು.

ಭಾವ ಮೊದಲು ನಕ್ಕರು. ಆಮೇಲೆ, ನನ್ನಿಂದ ಏನು ಕಮ್ಮಿಯಾಯಿತು ಎಂದು ಕೇಳಿದರು.

"ನಿಮ್ದೇನೂ ತಪ್ಪಿಲ್ಲ."

"ಮತ್ಯಾಕೆ?"

"ಯಾಕೂ ಇಲ್ಲ. ಇರ್ತೀನಿ, ಅಷ್ಟೇ."

ಆ 'ಯಾಕೂ ಇಲ್ಲ' ಎಂಬುದನ್ನು ಊರು ಸಹಿಸಲಿಲ್ಲ. ಹಿಸ್ಸೆ ಕೇಳುವ ಹೂಟ ಎಂದರು. ಯಾವನೋ ಇದ್ದಾನೆ ಎಂದರು. "ಬೇಳೆ ಹಿದುಕೋಳಿಗೆ ವೇದಾಂತ ಹತ್ಕೊಂತು" ಎಂದು ಅತ್ತೆ ಕೈ ತಿರುವಿದರು. ಕನಸಿನಲ್ಲಿ ದೇವರು ಬಂದು ಹೇಳಿತು ಎಂದು ಅವಳು ಒಂದು ಸುಳ್ಳು ಹೇಳಿದ್ದರೆ ಅದೇ ಜನ ಕಾಲಿಗೆ ಬಿದ್ದು ಗುಡಿಸಲಿಗೆ ಹೊಸ ಹುಲ್ಲು ಹೊದಿಸುತ್ತಿದ್ದರು. ಅವಳು ಹೇಳಲಿಲ್ಲ. ಹದಿನೇಳು ಜನ ಒಂದೇ ಸೂರಿನಡಿ ಯಾಕಿದ್ದೀರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಒಬ್ಬಳು ಒಬ್ಬಳೇ ಇರುತ್ತೇನೆಂದರೆ ಮಾತ್ರ ಕಾರಣ ಬೇಕು.

ಕಡೆಗೆ ಮಾವ ನನ್ನ ಕಡೆ ತಿರುಗಿದರು. "ನೀನು ದಿನಾ ಹೋಗ್ತಿದ್ದೆಯಲ್ಲವ್ವ, ಏನಾಗೈತೆ ಅವಳಿಗೆ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಏನೂ ಆಗಿಲ್ಲ ಎನ್ನಬಹುದಿತ್ತು. ನಾನು, "ಒಬ್ಬೊಬ್ಳೇ ಮಾತಾಡ್ಕೊಂತಿರ್ತಾಳೆ. ಎಲ್ಲೋ ಭಯ ಬಿದ್ದವ್ಳೆ" ಎಂದೆ.

ಅಷ್ಟು ಸಾಕಾಯಿತು. ಅವಳು ಒಬ್ಬಳೇ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಊರ ಬಾಯಿಂದ ಅವಳನ್ನು ಉಳಿಸಲು ಹಾಗೆಂದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ನಾಳೆ ಬರಬೇಡ ಎಂದಿದ್ದಳಲ್ಲ, ಅದಕ್ಕೆ. ಅತ್ತೆ ಒಂದು ಕೊಡ ನೀರು ತಂದು ಒಲೆಗೆ ಸುರಿದರು. ಭಾವ ಗುಡಿಸಲಿನ ಗಳು ಕಿತ್ತರು. ಅಕ್ಕ ಯಾರ ಕೈಯನ್ನೂ ಹಿಡಿಯದೆ, ಗಾಡಿಯನ್ನೂ ಹತ್ತದೆ, ನಡೆದುಕೊಂಡೇ ಊರಿಗೆ ಬಂದಳು.

ಭಯ ಬಿದ್ದವಳನ್ನು ಒಂಟಿಯಾಗಿ ಬಿಡಬಾರದು. ಅಂದಿನಿಂದ ಬಾವಿಗೆ ಹೋದರೂ ಜೊತೆಗೆ ಒಬ್ಬರು, ಬಯಲಿಗೆ ಹೋದರೂ ಒಬ್ಬರು. ಹೆಚ್ಚಾಗಿ ನಾನೇ. ಅವಳು ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಸಿಟ್ಟಿಗಾದರೂ ಎದುರಿಗೆ ಇನ್ನೊಬ್ಬರು ಬೇಕು. ಅಷ್ಟರ ಮಟ್ಟಿಗೂ ಅವಳು ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮೂರು ನಾಲ್ಕು ವರ್ಷಕ್ಕೆ ಜ್ವರ ಬಂದು ಮಲಗಿದಳು. ಕೊನೆಯ ಮಧ್ಯಾಹ್ನ ಇಡೀ ಮನೆ ಅವಳ ಸುತ್ತ ಕೂತಿತ್ತು, ನೆರೆಯವರು ಬಾಗಿಲಲ್ಲಿ. ಅವಳು ನನ್ನ ಕಡೆ ನೋಡಿ, "ಎಲ್ಲಾರ್ನೂ ಈಚೆಗೆ ಕಳ್ಸು. ನೀನೂ ಹೋಗು" ಎಂದಳು. ಎಲ್ಲರಿಗೂ ಕೇಳಿಸಿತು. ಯಾರೂ ಏಳಲಿಲ್ಲ.

ನಾನು ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿದೆ, ಬಾಗಿಲು ಮುಂದೆ ಮಾಡಿ ನಾನೂ ಬಂದೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಎರಡು ಮೂರು ಸಲ ಹೇಳಿದ್ದೇನೆ. ಅದು ನಡೆಯಲಿಲ್ಲ. ನಡೆದದ್ದು ಇಷ್ಟು: "ನಾನಿದೀನಿ ಅಕ್ಕ" ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಎಳೆದುಕೊಳ್ಳಲು ನೋಡಿದಳು, ಬಲ ಸಾಲಲಿಲ್ಲ. ಇನ್ನೊಮ್ಮೆ ಎಳೆದಳು. ನಾನು ಬಿಡಲಿಲ್ಲ. ತಣ್ಣಗಾದ ಮೇಲೂ ಹಿಡಿದೇ ಕೂತಿದ್ದೆ. ವಾರಗಿತ್ತಿಯರೆಂದರೆ ಹೀಗಿರಬೇಕು ಎಂದು ಬಾಗಿಲಲ್ಲಿ ಯಾರೋ ಕಣ್ಣೊರೆಸಿಕೊಂಡರು.