ಹಿಟ್ಟಿನಲ್ಲಿ ಮೂಡಿದ ಮುಷ್ಟಿ

ಎತ್ತು ಕಟ್ಟುವ ಜಾಗದಲ್ಲಿ ಲೋಹ ಕಡೆಯುವ ಲೇಥ್ ಯಂತ್ರ ಕಟ್ಟಿದವರು ನಮ್ಮ ಓಣಿಯಲ್ಲಿ ರುದ್ರಪ್ಪ ಕಾಕಾ ಒಬ್ಬರೇ. ಕುಂದಗೋಳದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು. ಲೇಥಿನ ಮೋಟಾರು ಮುಚ್ಚಿಹೋದ ಗಿರಣಿಯದು. ಸರಳು ಹಿಡಿಯುವ ಮೂರು ಹಲ್ಲುಗಳಲ್ಲಿ ಒಂದು ಸವೆದಿತ್ತು. ಸರಳು ನೆಟ್ಟಗೆ ಕೂರಲೆಂದು ಅದರಡಿ ತಗಡು ಮಡಚಿ ತುರುಕುತ್ತಿದ್ದರು. ತಗಡು ಬರುತ್ತಿದ್ದದ್ದು ಅಡಿಗೆಮನೆಯಿಂದ. ಅವರ ಹೆಂಡತಿ ಕಾಕುವಿನ ಬೇಳೆಕಾಳಿನ ಡಬ್ಬಿಗಳೆಲ್ಲ ಬಾಯಿ ತೆರೆದುಕೊಂಡೇ ಕೂತಿರುತ್ತಿದ್ದವು.

"ಮುಚ್ಚಳ ಎಲ್ಲೈತ್ರಿ?" ಎಂದು ಕಾಕು ಕೇಳಿದರೆ, "ದುಡಿಯಾಕ ಹೋಗೇತಿ" ಎನ್ನುತ್ತಿದ್ದರು.

ಅವ್ವನಿಗೆ ಲಕ್ವಾ ಹೊಡೆದು ಕೈಗಳ ಹಿಡಿತ ಹೋದಾಗ ನಾನು ತುತ್ತು ಮಾಡಿ ಉಣ್ಣಿಸಲು ಕೂತೆ. ಅವಳು ಗೋಡೆಗೆ ಮುಖ ಮಾಡಿದಳು. "ನಿನ್ನ ಕೈಲೆ ಉಣ್ಣಾಕ ನಾ ಏನ ಕೂಸೇನ?" ಬರೀ ಹಾಲು, ಗಂಜಿ ಕುಡಿದು ದಿನದಿನಕ್ಕೆ ಇಳಿದುಹೋದಳು. ನನಗೆ ಭಯವಾಯಿತು.

ಕಾಕಾ ಬಂದು ನೋಡಿಹೋದರು. ಸಂಜೆ ನಮ್ಮದೇ ಚಮಚಕ್ಕೆ ದಪ್ಪನೆಯ ಅಲ್ಯೂಮಿನಿಯಂ ಹಿಡಿಕೆ ಹಾಕಿ ತಂದರು. ಅದು ಅವ್ವನ ಬೆರಳುಗಳಲ್ಲಿ ತಿರುಗಿ ಸಾರಿನಲ್ಲಿ ಬಿತ್ತು.

"ತಪ್ಪ ನಂದು, ತಂಗಿ. ಲೇಥಿಗೆ ದುಂಡಗ ಮಾಡೂದಷ್ಟ ಗೊತ್ತು. ನಿನ್ನ ಮುಷ್ಟಿ ದುಂಡಗಿಲ್ಲ." ಆಮೇಲೆ ನನ್ನತ್ತ ತಿರುಗಿ, "ರೊಟ್ಟಿ ಹಿಟ್ಟ ನಾದೀ ಏನವಾ? ಒಂದ ಉಂಡಿ ತಾ" ಎಂದರು.

ಅವ್ವನ ಮುಷ್ಟಿಯೊಳಗೆ ಜೋಳದ ಹಿಟ್ಟಿಟ್ಟು ಮೆಲ್ಲಗೆ ಒತ್ತಿದರು. ಬೆರಳಿನ ಗುರುತು ಮೂಡಿದ ಉಂಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಮರುದಿನ, ಹಿಡಿಕೆ ದುಂಡಗಾಗಬಾರದೆಂದು, ಬೇಕೆಂದೇ ಒಂದು ಹಲ್ಲಿನಡಿ ಎರಡು ಪಟ್ಟು ತಗಡು ತುರುಕಿ ಸರಳನ್ನು ಸೊಟ್ಟಗೆ ಕೂರಿಸಿದರು. ಲೇಥ್ ಕುಂಟೆತ್ತಿನಂತೆ ಎಗರುತ್ತ ತಿರುಗಿತು. "ಸಾವಕಾಶ ನಡಿಯೋ ಬಸವಾ" ಎಂದು ಅದನ್ನು ರಮಿಸುತ್ತಿದ್ದರು. ಉಳಿದದ್ದನ್ನು ಹಿಟ್ಟಿನ ಉಂಡಿ ನೋಡಿಕೊಂಡು ಅರದಿಂದ ಉಜ್ಜಿದರು. ಆ ಹಿಡಿಕೆ ಅವ್ವನ ಕೈಯಲ್ಲಿ ಅಗದಿ ಸರಿಯಾಗಿ ಕೂತಿತು. ಅನ್ನ ಅರ್ಧ ಬಾಯಿಗೆ, ಅರ್ಧ ಸೀರೆಗೆ. ಕಾಕಾ ಎದುರಿಗೆ ಕೂತು, ನೋಡಿಯೂ ನೋಡದವರಂತೆ ಅಡಿಕೆ ಕತ್ತರಿಸುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಎತ್ತಿನ ಜಾಗಕ್ಕೆ ಈಗ ಕೀಲಿ. ಅವರ ಲೇಥಿನ ಸಪ್ಪಳಕ್ಕೆ ಮಧ್ಯಾಹ್ನವೆಲ್ಲ ಗೊಣಗುತ್ತಿದ್ದ ನಾನು ಈಗ ಆ ಗೋಡೆಗೇ ಕಿವಿಗೊಟ್ಟು ಕೂರುತ್ತೇನೆ. ಬಹಳ ನೆನಪಾಗುತ್ತಾರೆ.

ಅವ್ವನ ಕೈ ಇನ್ನಷ್ಟು ಸೊರಗಿದೆ. ಚಮಚ ಮತ್ತೆ ಜಾರತೊಡಗಿದೆ. ಮೊನ್ನೆ ನಾನು ಹಿಟ್ಟು ನಾದುತ್ತಿದ್ದಾಗ ಅವಳು ಪರಾತಕ್ಕೆ ಕೈ ಚಾಚಿ ಒಂದಿಷ್ಟು ಹಿಟ್ಟು ತೆಗೆದುಕೊಂಡು ಮುಷ್ಟಿ ಬಿಗಿದಳು. ಬಿಚ್ಚಿದಾಗ ಬೆರಳಿನ ಗುರುತು ಸಣ್ಣಗೆ ಮೂಡಿತ್ತು. ಇಬ್ಬರೂ ಅದನ್ನೇ ನೋಡಿದೆವು.

"ಇದನ್ನ ಈಗ ಯಾರಿಗೆ ಕೊಡೂದು?" ಎಂದಳು.

ಅವ್ವನೇ ಅದನ್ನು ಪರಾತದೊಳಗೆ ಹಾಕಿದಳು. ನಾನು ಆ ಹಿಟ್ಟು ಸೇರಿಸಿಯೇ ರೊಟ್ಟಿ ಬಡಿದೆ. ತುತ್ತು ಮುರಿದು ಹಿಡಿದಾಗ ಅವ್ವ ಕಾಕಾರ ಮನೆಯ ಗೋಡೆಯ ಕಡೆ ಒಮ್ಮೆ ನೋಡಿ, ನನ್ನತ್ತ ತಿರುಗಿ ಬಾಯಿ ತೆರೆದಳು.