ಎರಡು ವರ್ಷ, ಒಂದು ತಿಂಗಳು ಕಡಿಮೆ

ನನ್ನ ಬಯೋಡಾಟಾದಲ್ಲಿ ‘ಬೋಧನಾ ಅನುಭವ’ ಎಂಬುದರ ಮುಂದೆ ‘ಎರಡು ವರ್ಷ’ ಎಂದಿದೆ. ಸುಳ್ಳಲ್ಲ. ಆದರೆ ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಅದರಲ್ಲಿ ಮೊದಲ ತಿಂಗಳನ್ನು ಕಳೆಯಬೇಕು. ಆ ತಿಂಗಳು ನಾನು ಮಾತಾಡಿದ್ದೇನೆಯೇ ಹೊರತು ಕಲಿಸಿಲ್ಲ. ಅನುಭವ ಎಂಬ ಮಾತನ್ನು ಹಗುರವಾಗಿ ಬಳಸಲು ನಮ್ಮ ಕಡೆಯವರಿಗೆ ಸ್ವಲ್ಪ ಅಂಜಿಕೆ. ಒಂದು ಕಾಲಕ್ಕೆ ಅನುಭವಕ್ಕೆಂದೇ ಮಂಟಪ ಕಟ್ಟಿಕೊಂಡು ಕೂತವರ ಜಿಲ್ಲೆ ಇದು. ಅಲ್ಲಿ ಬಯೋಡಾಟಾ ತೋರಿಸಿ ಒಳಗೆ ಹೋಗುವ ಪದ್ಧತಿ ಇದ್ದಿರಲಾರದು.

ಆಗ ನಾನು ಬೀದರಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೆ. ಭಾನುವಾರ ಔರಾದಿನ ಸಣ್ಣ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳಲು ಹೋಗುತ್ತಿದ್ದೆ. ಎಂಟು ಕಂಪ್ಯೂಟರುಗಳಿದ್ದವು. ಐದು ನಡೆಯುತ್ತಿದ್ದವು, ಮೂರು ಶೋಭೆಗೆ. ಮಳೆ ಬೆನ್ನುಬೆನ್ನಿಗೆ ಕೈಕೊಟ್ಟ ವರ್ಷಗಳವು. ಹಾಜರಿ ಕೂಗಿದರೆ ‘ಎಸ್ ಮೇಡಂ’ ಬದಲು ‘ಪುಣೆಕ ಹೋದ್ನರಿ’, ‘ಹೈದ್ರಾಬಾದಕ ಹೋದಳರಿ’ ಎಂದು ಪಕ್ಕದವರು ಉತ್ತರ ಕೊಡುತ್ತಿದ್ದರು. ಹದಿನಾಲ್ಕು ಜನರ ಬ್ಯಾಚು ಸ್ವಲ್ಪ ದಿನಕ್ಕೇ ನಾಲ್ಕಕ್ಕೆ ಇಳಿಯಿತು.

ಆ ನಾಲ್ವರಲ್ಲಿ ಒಬ್ಬಳು ಸಂತಪುರದ ಕಲಾವತಿ. ನನಗಿಂತ ಹದಿನೈದು ವರ್ಷ ದೊಡ್ಡವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಮದುವೆಗೆ ಮೊದಲು ಹತ್ತನೇ ತರಗತಿ ಪಾಸಾದವಳು, ಆಮೇಲೆ ಪೆನ್ನು ಹಿಡಿದದ್ದು ಕಡಿಮೆ. ನಾನು ಬೀದರಿನಿಂದ ಬರುವ ಬಸ್ಸನ್ನೇ ಅವಳು ಸಂತಪುರದಲ್ಲಿ ಹತ್ತುತ್ತಿದ್ದಳು.

ಮೊದಲ ತಿಂಗಳು ನಾನು ಇವರಿಗೆ ಕಂಪ್ಯೂಟರಿನ ಐದು ತಲೆಮಾರುಗಳ ಚರಿತ್ರೆ ಹೇಳಿದೆ. ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರಗಳು, ಅವುಗಳೊಳಗಿನ ಗಾಜಿನ ಕೊಳವೆಗಳು, ಸೊನ್ನೆ ಮತ್ತು ಒಂದರ ಮಹಿಮೆ. ಬೋರ್ಡಿನ ಮುಂದೆ ನಿಂತಾಗ ನನ್ನ ಧ್ವನಿ ನನಗೇ ಇಂಪಾಗಿ ಕೇಳುತ್ತಿತ್ತು. ಕಲಾವತಿ ಎಲ್ಲವನ್ನೂ ದುಂಡು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ಭಾನುವಾರ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಳು.

“ಮೇಡಂರಿ, ಒಂದ್ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಐದು ತಲಿಮಾರು ಪರೀಕ್ಷಾದಾಗ ಕೇಳ್ತಾರೇನ್ರಿ?”

ಯಾವ ಪರೀಕ್ಷೆ ಎಂದು ನಾನು ಅದುವರೆಗೆ ವಿಚಾರಿಸಿರಲೇ ಇಲ್ಲ. ಹತ್ತಿರದ ಪಂಚಾಯಿತಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ ಖಾಲಿ ಇತ್ತು. ಕನ್ನಡ ಟೈಪಿಂಗ್ ಪರೀಕ್ಷೆ ಬೀದರಿನಲ್ಲಿ, ಇನ್ನು ಆರು ವಾರಕ್ಕೆ. ಗಂಡ ಆಗಲೇ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಈ ನೌಕರಿ ಸಿಕ್ಕರೆ ಅವಳು ಮಕ್ಕಳೊಂದಿಗೆ ಊರಲ್ಲೇ ನಿಲ್ಲುವುದು, ಸಿಗದಿದ್ದರೆ ಮಕ್ಕಳ ಶಾಲೆ ಬಿಡಿಸಿ ಎಲ್ಲರೂ ಪುಣೆಗೆ ಹೋಗುವುದು ಎಂದು ಮನೆಯಲ್ಲಿ ಮಾತಾಗಿತ್ತು. ಔರಾದು ಬರುವವರೆಗೆ ನಾನು ಕಿಟಕಿಯಾಚೆಯ ಒಣ ತೊಗರಿಯನ್ನೇ ನೋಡುತ್ತ ಕೂತೆ.

ಅವತ್ತೇ ಟೈಪಿಂಗ್ ಶುರುವಾಯಿತು. ಬೆರಳು ಪಳಗಿದ ಮೇಲೆ ಇನ್ನೊಂದು ತೊಡಕು ಕಾಣಿಸಿತು. ಅವಳು ಮಾತಾಡಿದಂತೆಯೇ ಟೈಪ್ ಮಾಡುತ್ತಿದ್ದಳು. ಮನೆ ಎಂಬುದು ಮನಿ, ಶಾಲೆ ಎಂಬುದು ಸಾಲಿ. ಪರೀಕ್ಷೆಯಲ್ಲಿ ಇದು ತಪ್ಪಾಗುತ್ತದೆ ಎಂದೆ.

“ಮನೆ ಪುಸ್ತಕದಾಗ ಇರ್ತದರಿ. ನಾವು ಇರೋದು ಮನಿದಾಗ,” ಎಂದಳು. ಆದರೂ ತಿದ್ದಿದಳು.

ನನಗೆ ನಗು ಬಂತು, ಒಳಗೊಳಗೇ ನಾಚಿಕೆಯೂ ಆಯಿತು. ನಮ್ಮ ಮನೆಯಲ್ಲೂ ಎಲ್ಲರೂ ಇರುವುದು ‘ಮನಿ’ಯಲ್ಲೇ. ಮುಂದೆ ಇಂಟರ್‌ವ್ಯೂಗಳಲ್ಲಿ ಮಾನ ಉಳಿಯಲಿ ಎಂದು ನಾನೊಬ್ಬಳೇ ‘ಮನಿ’ಯಿಂದ ‘ಮನೆ’ಗೆ ಗುಳೆ ಹೋಗಿದ್ದೆ.

ಪರೀಕ್ಷೆಯ ದಿನ ಹೊರಗೆ ಕಾದಿದ್ದೆ. ಕಲಾವತಿ ಬಂದು, ತಪ್ಪು ಹೆಚ್ಚಿಲ್ಲ, ವೇಗ ಸಾಲಲಿಲ್ಲ ಎಂದಳು. ಔರಾದಿನ ಕಡೆಯ ಒಬ್ಬ ಹುಡುಗ ಆಯ್ಕೆಯಾದ. ಗಾಜಿನ ಕೊಳವೆಗಳಿಗೆ ಕೊಟ್ಟ ಆ ನಾಲ್ಕು ಭಾನುವಾರಗಳನ್ನು ಬೆರಳುಗಳಿಗೆ ಕೊಟ್ಟಿದ್ದರೆ ವೇಗ ಸಾಲುತ್ತಿತ್ತು. ಅದನ್ನು ಅವಳಿಗೆ ಹೇಳಿಬಿಟ್ಟೆ, ತಪ್ಪು ನನ್ನದು ಎಂದೆ.

“ತಪ್ಪ ಯಾರದರ ಇರ್ಲಿ ಮೇಡಂರಿ. ಬರೋ ಐತವಾರ ಕ್ಲಾಸ್ ಅದಲ್ಲರಿ?”

ಕ್ಲಾಸ್ ಇರುವುದು ಅನುಮಾನವಾಗಿತ್ತು. ನಾಲ್ಕು ಜನರಿಗಾಗಿ ಬೀಗ ತೆಗೆಯುವುದು ಬೇಡವೆಂದು ಸೆಂಟರಿನ ಮಾಲೀಕರು ನಿಶ್ಚಯಿಸಿದ್ದರು. ಶನಿವಾರವೂ ಬರುತ್ತೇನೆ, ಬೀಗದ ಕೈ ನನಗೇ ಕೊಡಿ ಎಂದು ಗಂಟುಬಿದ್ದೆ. ನನ್ನ ಹಟಕ್ಕಿಂತ ಅವರ ದಾಕ್ಷಿಣ್ಯ ದೊಡ್ಡದಾಗಿತ್ತು, ಕೊಟ್ಟರು. ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಲಾವತಿ ಗಂಡನನ್ನು ತಡೆದಳು. ಪುಣೆಯಿಂದ ಫೋನು ಬಂದಾಗಲೆಲ್ಲ ಅದೇ ಮಾತು ಹೇಳುತ್ತ, ವಾರಕ್ಕೆರಡು ದಿನ ಬಂದು ಕೂತು ಟೈಪ್ ಮಾಡಿದಳು. ನಾನು ಪಕ್ಕದಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದೆ. ಬೋಧನೆಯಲ್ಲಿ ನನ್ನ ಬಾಯಿ ಅಷ್ಟು ಕಡಿಮೆ ಕೆಲಸ ಮಾಡಿದ್ದು ಅದೇ ಮೊದಲು.

ಎರಡು ತಿಂಗಳ ಮೇಲೆ ಸುದ್ದಿ ಬಂತು. ಆಯ್ಕೆಯಾಗಿದ್ದ ಹುಡುಗ ಹೈದರಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಬಿಟ್ಟು ಹೋಗಿದ್ದ. ನನ್ನ ಹಾಜರಿ ಪುಸ್ತಕವನ್ನು ಖಾಲಿ ಮಾಡಿದ ಆ ವಲಸೆಯೇ ಒಂದು ಕುರ್ಚಿಯನ್ನೂ ಖಾಲಿ ಮಾಡಿತ್ತು. ಮತ್ತೆ ಪರೀಕ್ಷೆ ಕರೆದರು. ಅವತ್ತು ನನಗೆ ಕಾಲೇಜಿನಲ್ಲಿ ಲ್ಯಾಬ್ ಇತ್ತು, ಹೋಗಲಾಗಲಿಲ್ಲ. ಫಲಿತಾಂಶದ ದಿನ ಕಲಾವತಿಯೇ ಫೋನ್ ಮಾಡಿದಳು. ಪಾಸು, ಆಯ್ಕೆ ಎಂಬ ಮಾತೇ ಎತ್ತಲಿಲ್ಲ.

“ಪುಣೆ ತಪ್ಪಿತರಿ,” ಎಂದಳು.

ಅವಳ ಗಂಡನೂ ಮಳೆ ಬಂದ ಮುಂದಿನ ವರ್ಷ ಊರಿಗೆ ಮರಳಿದ. ಔರಾದಿನ ಎರಡು ವರ್ಷವನ್ನು ಬಯೋಡಾಟಾದಲ್ಲಿ ಬರೆದು ಸೇರಿದ ಭಾಲ್ಕಿಯ ಕಾಲೇಜೊಂದರಲ್ಲಿ ನಾನೀಗ ಪಾಠ ಮಾಡುತ್ತೇನೆ. ಮೊದಲ ದಿನ ಬೋರ್ಡಿನ ಹತ್ತಿರ ಹೋಗುವುದಿಲ್ಲ, ನಿಮಗೆ ಇದು ಯಾಕೆ ಬೇಕು ಎಂದು ಒಬ್ಬೊಬ್ಬರನ್ನೇ ಕೇಳುತ್ತೇನೆ.

ಕಳೆದ ವಾರ ಕಲಾವತಿಯ ಫೋನು ಬಂತು. ಪಂಚಾಯಿತಿಯ ಕಂಪ್ಯೂಟರಿನಲ್ಲಿ ಅರ್ಜಿಯೊಂದು ಅರ್ಧಕ್ಕೆ ನಿಂತಿದೆಯಂತೆ, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಾನು ಗಂಭೀರವಾಗಿ, ಒಮ್ಮೆ ಆಫ್ ಮಾಡಿ ಆನ್ ಮಾಡು ಅಕ್ಕಾ ಎಂದೆ.

“ಅದು ಆಗಲೇ ಮಾಡಿ ನೋಡೇನ್ರಿ. ಬ್ಯಾರೆ ಏನಾರ ಹೇಳ್ರಿ.”

ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

“ಇರ್ಲಿ ಬಿಡ್ರಿ, ನಾನೇ ನೋಡ್ತೇನಿ. ತಿಳೀತಂದ್ರ ನಿಮಗ ಫೋನ್ ಮಾಡಿ ಹೇಳ್ತೇನಿ.”

ಅರ್ಧ ಗಂಟೆಯಲ್ಲಿ ಫೋನು ಬಂತು. ನಾನು ಪೆನ್ನು, ಕಾಗದ ತೆಗೆದುಕೊಂಡು ಕೂತೆ.