ಒಲೆ ಹಚ್ಚದ ತಿಂಗಳು

ಅನಸೂಯಾಳಿಗೆ ಚಳಿ ಇಷ್ಟ ಎಂಬುದು ಮೆಲ್ಬರ್ನಿನ ಕನ್ನಡ ಸಂಘದಲ್ಲಿ ಒಂದು ತಮಾಷೆಯ ಮಾತಾಗಿತ್ತು. ಜೂನ್ ಬಂತೆಂದರೆ ಉಳಿದವರೆಲ್ಲ ಮೂಗೊರೆಸಿಕೊಳ್ಳುತ್ತ, ಈ ಹಾಳು ದೇಶಕ್ಕೆ ಯಾಕಾದರೂ ಬಂದೆವೋ ಎಂದು ಗೊಣಗುವರು. ಅವಳೊಬ್ಬಳು ಮನೆಯ ಕಿಟಕಿ ತೆರೆದಿಡುವಳು. "ನಿಮಗೆ ಚಳಿ ಯಾಕ್ರೀ ಅಷ್ಟೊಂದು ಇಷ್ಟ?" ಎಂದು ಕೇಳದ ಆಂಟಿಯಿಲ್ಲ, ಅಂಕಲ್ ಇಲ್ಲ. ಆದರೆ ಕೇಳಿದವರಲ್ಲಿ ಒಬ್ಬರಾದರೂ ಉತ್ತರಕ್ಕೆ ನಿಂತದ್ದಿಲ್ಲ. ಕೇಳುವುದು, ನಗುವುದು, ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡು ಮುಂದಕ್ಕೆ ಹೋಗುವುದು. ಆ ಒಬ್ಬಟ್ಟನ್ನು ಬೇಯಿಸಿದವಳೂ ಅವಳೇ.

ನಿಂತು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಗುಟ್ಟೇನೂ ಅಲ್ಲ.

ಅವಳ ಅಪ್ಪ ಸತ್ಯನಾರಾಯಣ ಭಟ್ಟರು ಮೈಸೂರಿನಲ್ಲಿ ಮದುವೆಮನೆಗಳ ಅಡುಗೆ ಒಪ್ಪಿಕೊಳ್ಳುತ್ತಿದ್ದರು. ಲಗ್ನಗಳೆಲ್ಲ ಸಾಲುಗಟ್ಟಿ ಬರುವುದು ವೈಶಾಖದಲ್ಲಿ, ಬಿಸಿಲು ನೆತ್ತಿ ಸುಡುವಾಗ. ಛತ್ರದ ಹಿತ್ತಿಲಲ್ಲಿ ತಗಡಿನ ಚಪ್ಪರ, ಅದರಡಿ ಸೌದೆ ಒಲೆ, ಒಲೆಯ ಮೇಲೆ ಅಗಲವಾದ ಕಾವಲಿ, ಕಾವಲಿಯ ಮುಂದೆ ಹತ್ತು ವರ್ಷದ ಅನಸೂಯಾ. ಒಂದು ಮದುವೆಗೆ ಐನೂರು ಒಬ್ಬಟ್ಟು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ. ಮೊಣಕೈಯವರೆಗೂ ಸುಟ್ಟ ಕಲೆಗಳು, ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ಸುಳ್ಳು ಹೇಳಬೇಕು. ವರ್ಷಕ್ಕೆ ಎರಡು ತಿಂಗಳು ಮಾತ್ರ ಆ ಒಲೆಗೆ ಬೆಂಕಿ ಬೀಳುತ್ತಿರಲಿಲ್ಲ. ಆಷಾಢ ಮತ್ತು ಧನುರ್ಮಾಸ, ಎರಡರಲ್ಲೂ ಯಾರೂ ಮದುವೆ ಮಾಡುವುದಿಲ್ಲ. ಆಷಾಢ ಜಿಟಿಜಿಟಿ ಮಳೆಯಲ್ಲಿ ಕಳೆದುಹೋಗುತ್ತಿತ್ತು. ಧನುರ್ಮಾಸವೆಂದರೆ ಚಳಿ, ಹಲ್ಲು ಕಟಕಟ ಎನ್ನುವ ಒಳ್ಳೆಯ ಚಳಿ. ಬೆಳಗಿನ ಜಾವ ಅಮ್ಮ ಪುಟ್ಟಮ್ಮ ಅವಳಿಗೆ ಶಾಲು ಸುತ್ತಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಳು. ಅಲ್ಲಿ ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಡುವರು. ಬೇರೆ ಯಾರೋ ಬೇಯಿಸಿದ ಹುಗ್ಗಿ! ಅನಸೂಯಾ ಮೆಟ್ಟಿಲ ಮೇಲೆ ಕೂತು ತಿನ್ನುವಳು, ಬಾಯಿಂದ ಹೊಗೆ ಬಿಡುವಳು, ಅಮ್ಮನಿಗೆ ಒರಗುವಳು. ಚಳಿ ಎಂದರೆ ಅವಳ ಮೈಗೆ ತಿಳಿದ ಅರ್ಥ ಒಂದೇ: ಇವತ್ತು ನಿನ್ನನ್ನು ಯಾರೂ ಬೆಂಕಿಯ ಮುಂದೆ ಕೂರಿಸುವುದಿಲ್ಲ.

ಒಬ್ಬಟ್ಟೇ ಅವಳ ಮದುವೆಯನ್ನೂ ಮಾಡಿಸಿತು. ಯಾವುದೋ ಛತ್ರದಲ್ಲಿ ಊಟಕ್ಕೆ ಕೂತ ಗೋಪೀನಾಥನ ತಾಯಿ, "ಯಾರು ಮಾಡಿದ್ದು ಇದು? ಕರೀರಿ" ಎಂದರು. ಕರೆದರು. ಎರಡು ತಿಂಗಳಿಗೆ ಹುಡುಗಿ ಆ ಮನೆಯ ಸೊಸೆ. ಗೋಪೀನಾಥ ನೀರು ಸರಬರಾಜಿನ ಎಂಜಿನಿಯರು, ಒಳ್ಳೆಯವನು ಎಂದು ಎಲ್ಲರೂ ಹೇಳುವಂಥವನು. ಯಾರ ಮನಸ್ಸನ್ನೂ ನೋಯಿಸಲಾರ, ಹೆಂಡತಿಯದೊಂದನ್ನು ಬಿಟ್ಟು. ಎಂಬತ್ತೇಳರಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಿ ಸಿಡ್ನಿಯ ಗಿರಾವೀನಿಗೆ ಬಂದಾಗ ಹೊಸ ಪರಿಚಯದವರಿಗೆಲ್ಲ ಅವನು, "ನಮ್ಮ ಫಾದರ್ ಇನ್ ಲಾದು ಕ್ಯಾಟರಿಂಗ್ ಬಿಸಿನೆಸ್" ಎಂದು ಹೇಳಿಕೊಂಡ. ಅದೇ ಉಸಿರಿನಲ್ಲಿ, "ಗಣೇಶನ ಹಬ್ಬಕ್ಕೆ ಅಡುಗೆ ನಮ್ಮವಳೇ ಮಾಡ್ತಾಳೆ ಬಿಡಿ" ಎಂದೂ ಒಪ್ಪಿಕೊಂಡ. ಮಾವನ ಸೌಟಿನ ಬಗ್ಗೆ ನಾಚಿಕೆ, ಹೆಂಡತಿಯ ಸೌಟಿನ ಬಗ್ಗೆ ಹೆಮ್ಮೆ. ಎಂಥ ಅನುಕೂಲದ ನಾಚಿಕೆ ನೋಡಿ!

ಗಿರಾವೀನಿನಲ್ಲಿ ಅವಳಿಗೆ ಮೋಸವಾದದ್ದು ಕ್ಯಾಲೆಂಡರಿನಿಂದ. ಧನುರ್ಮಾಸ ಬಂತು, ಚಳಿ ಬರಲಿಲ್ಲ. ಈ ದೇಶದಲ್ಲಿ ಡಿಸೆಂಬರ್ ಜನವರಿ ಎಂದರೆ ಕೆಂಡ. ಸಂಕ್ರಾಂತಿಯ ದಿನ ನಲವತ್ತೆರಡು ಡಿಗ್ರಿ, ಬಾಡಿಗೆ ಸಭಾಂಗಣದ ಅಡುಗೆಮನೆಯಲ್ಲಿ ಫ್ಯಾನಿಲ್ಲ, ಎಂಬತ್ತು ಜನಕ್ಕೆ ಪೊಂಗಲು. ಆಗ ಅವಳು ಏಳು ತಿಂಗಳ ಬಸುರಿ. "ನಿಮ್ಮ ಕೈರುಚಿ ಯಾರಿಗೂ ಬರಲ್ಲ" ಎಂದು ಹೊಗಳುವವರು ಹೊಗಳಿದರು, ಮುಂದಿನ ಯುಗಾದಿಗೂ ಹೇಳಿಟ್ಟರು. ಕೈರುಚಿ ಅಂತೆ! ಬೇರೆಯವರ ಕೈಗಳಿಗೇನು ಲಕ್ವ ಹೊಡೆದಿತ್ತೇ?

ತೊಂಬತ್ತರಲ್ಲಿ ಗೋಪೀನಾಥನಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ ವೆರಿಬೀಯಲ್ಲಿ ಮನೆ ಮಾಡಿದರು. ಅಲ್ಲಿನ ಮೊದಲ ಜುಲೈಯಲ್ಲಿ ಒಂದು ಬೆಳಗ್ಗೆ ಬಾಗಿಲು ತೆರೆದರೆ ಹಿತ್ತಿಲ ಹುಲ್ಲೆಲ್ಲ ಬೆಳ್ಳಗೆ ರವೆ ಚೆಲ್ಲಿದಂತೆ ಇತ್ತು. ಅನಸೂಯಾ ಚಪ್ಪಲಿ ಬಿಟ್ಟು ಇಳಿದಳು. ಕಾಲಡಿಯಲ್ಲಿ ಚರಚರ ಸದ್ದಾಯಿತು, ಅಂಗಾಲು ಉರಿದು ಮರಗಟ್ಟಿತು, ಬಾಯಿಂದ ಹೊಗೆ ಬಂತು. ಒಳಗೆ ಹೋಗಿ ಪಂಚಾಂಗ ತೆಗೆದು ನೋಡಿದರೆ ಆಷಾಢ. ಸಂಘದವರೂ ಆಷಾಢದಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ, ಪೂಜೆಯಿಲ್ಲ, ಸೀಮಂತವಿಲ್ಲ, ಗೃಹಪ್ರವೇಶವಿಲ್ಲ. ಚಳಿ, ಬಿಡುವು, ಎರಡೂ ಒಟ್ಟಿಗೇ ಬಂದಿದ್ದವು. ಅವತ್ತು ಅವಳು ಎರಡು ವರ್ಷದ ಪ್ರಣತಿಯನ್ನು ಎತ್ತಿಕೊಂಡು ಸುಮ್ಮಸುಮ್ಮನೆ ನಕ್ಕಳು.

ಆಮೇಲೆ ಅವಳು ಬೇಡಿದ್ದು ಒಂದನ್ನೇ. ಮೂರ್ನಾಲ್ಕು ಗಂಟೆ ದಾರಿಯಲ್ಲಿ ಹಿಮದ ಬೆಟ್ಟವಿದೆ, ಒಂದು ಸಲ ಕರೆದುಕೊಂಡು ಹೋಗಿ, ಹಿಮದಲ್ಲಿ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಸ್ಕೀ ಬೇಡ, ಫೋಟೋ ಬೇಡ. ಮಂಕಿ ಕ್ಯಾಪಿನೊಳಗಿಂದ ಗೋಪೀನಾಥ ಪ್ರತಿ ವರ್ಷ ಒಂದೊಂದು ನೆಪ ತೆಗೆದ. ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಚೈನ್ ಕಟ್ಟಬೇಕು. ಮಗುವಿಗೆ ಶೀತ. "ಫ್ರಿಜ್ಜಿನ ಒಳಗೆ ತಲೆ ಹಾಕ್ಕೊಂಡು ನಿಂತ್ಕೋ, ಒಂದೇ" ಎಂದು ತೊಂಬತ್ನಾಲ್ಕರಲ್ಲಿ ಹೇಳಿದ್ದನ್ನು ಅವಳು ಮರೆಯಲಿಲ್ಲ.

ತೊಂಬತ್ತೈದರಲ್ಲಿ ಸಂಘಕ್ಕೆ ಡಾಕ್ಟರ್ ಬದರಿನಾಥ ಅಧ್ಯಕ್ಷರಾದರು. ದೊಡ್ಡ ದನಿಯ, ದೊಡ್ಡ ಕೈಗಡಿಯಾರದ ಮನುಷ್ಯ. ಆಷಾಢದಲ್ಲಿ ಹೇಗೂ ಬೇರೆ ಕಾರ್ಯಕ್ರಮವಿಲ್ಲ, ಎಲ್ಲರೂ ಬಸ್ ಮಾಡಿಕೊಂಡು ಹಿಮ ನೋಡಲು ಮೌಂಟ್ ಬುಲ್ಲರಿಗೆ ಹೋಗೋಣ ಎಂದು ಅವರೇ ಸೂಚಿಸಿದರು. ಅನಸೂಯಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾರನೆಯ ವಾರ ಅಧ್ಯಕ್ಷರ ಫೋನು ಬಂತು.

"ಮೇಡಂ, ನಲವತ್ತೆಂಟು ಜನ. ಜಾಸ್ತಿ ಏನಿಲ್ಲ, ಬರೀ ಬಿಸಿಬೇಳೆ ಬಾತ್. ಸಿಂಪಲ್."

ಅವಳ ಮೈಯೆಲ್ಲ ಉರಿದುಹೋಯಿತು. ಆ ಒಂದು ತಿಂಗಳಿಗೂ ಕೈ ಹಾಕಿದರು! ಆದರೂ ಹಿಮದ ಆಸೆಗೆ ಹಲ್ಲು ಕಚ್ಚಿಕೊಂಡು ಕರಾರು ಹಾಕಿದಳು. ಶನಿವಾರ ಮನೆಯಲ್ಲೇ ಮಾಡಿ ಪಾತ್ರೆಗೆ ತುಂಬಿ ಕೊಡುತ್ತೇನೆ, ಬೆಟ್ಟದ ಮೇಲೆ ನಾನು ಒಲೆ ಹತ್ತಿರ ಬರುವುದಿಲ್ಲ, ಬಿಸಿಯೋ ತಣ್ಣಗೋ ಹಾಗೇ ತಿನ್ನಬೇಕು. "ಶೂರ್, ಶೂರ್" ಎಂದರು ಬದರಿನಾಥರು. ಪಕ್ಕದಲ್ಲಿ ನಿಂತಿದ್ದ ಗೋಪೀನಾಥ, "ಅಲ್ಲಿ ನೀನು ಸೌಟು ಮುಟ್ಟಿದ್ರೆ ಕೇಳು, ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟ.

ಭಾನುವಾರ ಹನ್ನೊಂದೂವರೆಗೆ ಬಸ್ಸು ಬೆಟ್ಟದ ಮೇಲೆ ನಿಂತಿತು. ಕಣ್ಣು ಕುಕ್ಕುವಷ್ಟು ಬಿಳುಪು. ಎರಡೂವರೆಗೆ ಹೊರಡಲೇಬೇಕು, ತಡವಾದರೆ ರಸ್ತೆಯಲ್ಲಿ ಮಂಜುಗಟ್ಟುತ್ತದೆ ಎಂದು ಡ್ರೈವರ್ ಹೇಳಿದ. ಊಟಕ್ಕೆಂದು ಒಂದು ಲಾಡ್ಜಿನ ಹಿಂಬದಿಯ ಕೋಣೆಯನ್ನು ಬುಕ್ ಮಾಡಿದ್ದರು. ಅಲ್ಲಿ ಒಂದು ಗ್ಯಾಸ್ ಒಲೆ ಇತ್ತು. ಪಾತ್ರೆಯ ಮುಚ್ಚಳ ತೆಗೆದ ಬದರಿನಾಥರ ಮುಖ ಹುಳ್ಳಗಾಯಿತು. ಬಿಸಿಬೇಳೆ ಬಾತು ತಣ್ಣಗಾಗಿ ಇಟ್ಟಿಗೆಯಂತೆ ಕೂತಿತ್ತು.

"ಮೇಡಂ, ಈ ಚಳೀಲಿ ಇದನ್ನ ಹೇಗೆ ತಿನ್ನೋದು? ಹತ್ತು ನಿಮಿಷ ಬಿಸಿ ಮಾಡಿಬಿಡಿ."

"ನಾನು ಮೊದಲೇ ಹೇಳಿದ್ದೆ" ಎಂದಳು ಅನಸೂಯಾ.

"ನಮಗೆಲ್ಲಿ ಬರತ್ತೆ? ತಳ ಹಿಡಿಸಿಬಿಡ್ತೀವಿ. ನಿಮ್ಮ ಕೈಯಾದ್ರೆ ಹದ ಗೊತ್ತು."

ಅವಳು ಗಂಡನ ಕಡೆ ನೋಡಿದಳು. ಜವಾಬ್ದಾರಿ ಹೊತ್ತಿದ್ದ ಗೋಪೀನಾಥ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಿದ್ದ. "ಮಾಡಿಬಿಡು ಅನೂ, ಎಲ್ಲರ ಮುಂದೆ ಯಾಕೆ ಸೀನು" ಎಂದು ಮೆಲ್ಲಗೆ ಹೇಳಿ ಉಳಿದವರ ಹಿಂದೆ ಹೊರಗೆ ಹೋದ.

ಬಿಸಿಬೇಳೆ ಬಾತನ್ನು ಬಿಸಿ ಮಾಡುವುದು ಹತ್ತು ನಿಮಿಷದ ಕೆಲಸವಲ್ಲ. ಒಂದೊಂದೇ ಲೋಟ ನೀರು ಹೊಯ್ದು, ಗಟ್ಟಿಯನ್ನು ಒಡೆದು, ಸಣ್ಣ ಉರಿಯಲ್ಲಿ ಬಿಡದೆ ಕೆದಕಬೇಕು, ಒಂದು ನಿಮಿಷ ಕೈಬಿಟ್ಟರೆ ಸೀದೀತು. ಒಂದು ಗಂಟೆ ಹತ್ತು ನಿಮಿಷ ಅವಳು ಕೆದಕಿದಳು. ಕಿಟಕಿಯ ಗಾಜಿಗೆ ಹಬೆ ಹಿಡಿದಿತ್ತು. ಸೆರಗಿನಿಂದ ಒರೆಸಿದರೆ ಪ್ರಣತಿ ಹಿಮದ ಉಂಡೆ ಎಸೆಯುವುದೂ ಬದರಿನಾಥರ ಹೆಂಡತಿ ಕಿರುಚಿ ಓಡುವುದೂ ಕಾಣುತ್ತಿತ್ತು. ಮತ್ತೆ ಹಬೆ ಮುಚ್ಚುತ್ತಿತ್ತು. ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು ಬಂದವಳ ಬೆನ್ನಲ್ಲಿ, ಇಷ್ಟೆಲ್ಲ ಹಿಮದ ನಡುವೆ, ಬೆವರು ಇಳಿಯಿತು. ಆ ಬೆವರಿಗೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಅರ್ಧ ಗಂಟೆಯಲ್ಲೇ ಎಲ್ಲರಿಗೂ ಹಿಮ ಸಾಕಾಗಿತ್ತು. ಕೈ ಉಜ್ಜಿಕೊಳ್ಳುತ್ತ ಒಳಗೆ ನುಗ್ಗಿ, ಬೆಂಚುಗಳ ಮೇಲೆ ಕೂತು, ಬಾತು ಯಾವಾಗ ಎಂದು ಕಾದರು. ಬಡಿಸಿದಳು. ತಿಂದರು. ಎರಡು ಗಂಟೆಯಾಯಿತು. ಇನ್ನು ಅರ್ಧ ಗಂಟೆ ತನ್ನದು ಎಂದು ಅವಳು ಕೈ ತೊಳೆಯುವಷ್ಟರಲ್ಲಿ ಬದರಿನಾಥರು ತಟ್ಟೆ ಕೆಳಗಿಟ್ಟರು.

"ಆಹಾ! ಇದರ ಮೇಲೆ ಒಂದೊಂದು ಕಾಫಿ ಆಗಿಬಿಟ್ರೆ ಟ್ರಿಪ್ಪು ಸಾರ್ಥಕ ಮೇಡಂ. ಹಾಲು ಇದೆ."

ಪಕ್ಕದಲ್ಲಿದ್ದ ಅವರ ಹೆಂಡತಿ ನಕ್ಕರು. "ನೀವು ಒಳಗೇ ಇದ್ದಿದ್ದು ಒಳ್ಳೇದಾಯ್ತು ಕಣ್ರೀ ಅನಸೂಯಾ. ಹೊರಗೆ ಏನಿಲ್ಲ, ಬರೀ ಚಳಿ. ನಿಮಗೆ ಅದ್ಯಾಕೆ ಇಷ್ಟಾನೋ!"

ಅನಸೂಯಾ ಹಾಲಿನ ಪಾತ್ರೆಯನ್ನು ಎತ್ತಿ ಅಧ್ಯಕ್ಷರ ಮುಂದೆ ಕುಕ್ಕಿದಳು. ಅರ್ಧ ಹಾಲು ಅವರ ಕೋಟಿನ ಮೇಲಾಯಿತು.

"ಯಾಕೆ ಇಷ್ಟ ಅಂತ ಕೇಳಿದ್ರಲ್ಲ, ಹೇಳ್ತೀನಿ ಕೇಳಿ. ನಮ್ಮಪ್ಪಂದು ಕ್ಯಾಟರಿಂಗ್ ಬಿಸಿನೆಸ್ ಅಲ್ಲ. ನಮ್ಮಪ್ಪ ಮದುವೆಮನೆ ಅಡುಗೆಭಟ್ಟ. ಹತ್ತು ವರ್ಷಕ್ಕೆ ನನ್ನನ್ನ ಬೆಂಕಿ ಮುಂದೆ ಕೂರಿಸಿದ್ರು. ಇಲ್ಲೀವರೆಗೂ ಎದ್ದಿಲ್ಲ. ಚಳೀಲಿ ಮಾತ್ರ ನನ್ನನ್ನ ಬಿಡೋರು. ಅಡುಗೆಭಟ್ಟ ನಮ್ಮಪ್ಪನೇ ಆಷಾಢದಲ್ಲಿ ಬಿಟ್ಟಿದ್ದ ಕಣ್ರೀ! ನೀವು ಡಾಕ್ಟ್ರು, ಎಂಜಿನಿಯರು, ಓದ್ದೋರು, ನೀವು ಬಿಡ್ಲಿಲ್ಲ."

ಅವಳು ಒಲೆ ಆರಿಸಿ ಹೊರಗೆ ನಡೆದಳು.

ಲಾಡ್ಜು ದಾಟಿ, ಬಸ್ಸು ದಾಟಿ, ಯಾರ ಹೆಜ್ಜೆಯೂ ಬೀಳದ ಇಳಿಜಾರಿನಲ್ಲಿ ಹೋಗಿ ನಿಂತಳು. ಹಿಮ ಕಣಕಾಲು ಮುಚ್ಚಿತು, ಸೀರೆಯ ಅಂಚು ಒದ್ದೆಯಾಯಿತು. ಐದು ವರ್ಷ ಕಾದ ಗಳಿಗೆ. ಆದರೆ ಅವಳಿಗೆ ಚಳಿಯಾಗಲಿಲ್ಲ. ಕಿವಿ ಬಿಸಿ, ಕೆನ್ನೆ ಬಿಸಿ, ಎದೆ ಡವಗುಟ್ಟುತ್ತಿತ್ತು. ಒಲೆಯ ಕಾವು ಹೋಗಿ ಕೋಪದ ಕಾವು ಹತ್ತಿಕೊಂಡಿತ್ತು. ಕಾಲಡಿ ಹಿಮವಿದ್ದೂ ತನಗೆ ಅದು ತಾಗುತ್ತಿಲ್ಲ ಎಂದು ಗೊತ್ತಾದಾಗ ಅವಳಿಗೆ ಅಳು ಬಂತು. ಇದನ್ನೂ ಕಿತ್ತುಕೊಂಡರಲ್ಲ ಎಂದು ಅತ್ತಳು.

ಬಸ್ಸು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಗೋಪೀನಾಥ ಎಡವುತ್ತ ಬಂದ.

"ಅನೂ, ಎರಡು ಮುಕ್ಕಾಲು. ಎಲ್ಲರೂ ಕಾಯ್ತಿದಾರೆ."

"ಕಾಯಲಿ."

"ಡ್ರೈವರ್ ಬೈತಿದಾನೆ. ರೋಡು ಫ್ರೀಜ್ ಆಗತ್ತಂತೆ. ನಾನು ಸಾರಿ ಅಂದ್ನಲ್ಲ."

"ನೀವು ಅಂದಿಲ್ಲ."

ಮಂಕಿ ಕ್ಯಾಪಿನೊಳಗೆ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ನಿನಗೆ ಚಳಿ ಆಗ್ತಿಲ್ವಾ?" ಎಂದು ಕೇಳಿದ.

"ಇಲ್ಲ. ಆದಮೇಲೆ ಬರ್ತೀನಿ. ಹೋಗಿ ಹೇಳಿ ಅವರಿಗೆ."

ಅವನು ಹೋಗಲಿಲ್ಲ. ಏನು ಮಾಡಬೇಕೆಂದು ತೋಚದೆ ಅಲ್ಲೇ ಮೂರು ಮಾರು ದೂರದಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಅವಳು ಅವನ ಕಡೆ ತಿರುಗಲಿಲ್ಲ. ಹಾರನ್ ನಿಂತಿತು. ಗಾಳಿ ಬೀಸಿತು. ಎದೆಬಡಿತ ನಿಧಾನವಾಯಿತು. ಬೆನ್ನಿನ ಬೆವರು ಮೊದಲು ತಣ್ಣಗಾಯಿತು, ಆಮೇಲೆ ಕಿವಿಯ ತುದಿ, ಆಮೇಲೆ ಕೈಬೆರಳು. ಕಾಲಿನ ಹೆಬ್ಬೆರಳಿನಿಂದ ಚಳಿ ಮೂಳೆಗುಂಟ ಮೇಲಕ್ಕೆ ಹತ್ತಿತು. ಅವಳ ದವಡೆ ತಾನಾಗಿ ಅದುರತೊಡಗಿತು. ಆಗಲೂ ಅವಳು ಕದಲಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಂತಳು.

ಮೂರು ಹತ್ತರವರೆಗೆ ಬಸ್ಸು ಅವಳಿಗಾಗಿ ಕಾಯಿತು.